ಮೈ ನನ್ನದು, ಮರ್ಯಾದೆಯೂ ನನ್ನದು



ಮಂಗಳವಾರ, ಶುಕ್ರವಾರ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಲ್ಲಿ ಯಲ್ಲಮ್ಮನ ಹೆಸರಿನಲ್ಲಿ ಜೋಗ ಬೇಡುವವರು ಬಾಗಿಲಿಗೆ ಬರುತ್ತಾರೆ. ಕೈಯಲ್ಲಿ ಪಡ್ಡಲಗಿ ಎಂಬ ಬುಟ್ಟಿ, ಹಣೆ ತುಂಬ ಭಂಡಾರ, ಕೈ ತುಂಬ ಹಸಿರು ಬಳೆ, ಉಟ್ಟದ್ದು ಇಳಕಲ್ ಸೀರೆ. ಅವರಲ್ಲಿ ಕೆಲವರು ಗಂಡುಮಗುವೆಂದು ತೊಟ್ಟಿಲಿಗೆ ಬಿದ್ದು, ಗಂಡಿನ ಹೆಸರಿನಲ್ಲಿ ಬೆಳೆದು, ಆಮೇಲೆ ಸೀರೆ ಉಟ್ಟವರು. ಜೋಗಪ್ಪ ಎಂದೋ ಜೋಗತಿ ಎಂದೋ ಅವರನ್ನು ಕರೆಯುತ್ತೇವೆ. ಮನೆಯ ಹಿರಿಯಳು ಮೊರದಲ್ಲಿ ಜೋಳ ತಂದು ಪಡ್ಡಲಗಿಗೆ ಸುರಿಯುತ್ತಾಳೆ, ಕಾಲಿಗೆ ಬೀಳುತ್ತಾಳೆ, ಎತ್ತಿಕೊಂಡ ಮೊಮ್ಮಗುವಿನ ಹಣೆಗೆ ಅವರ ಕೈಯಿಂದಲೇ ಭಂಡಾರ ಹಚ್ಚಿಸುತ್ತಾಳೆ.

ಅದೇ ವ್ಯಕ್ತಿ ಬುಧವಾರ ತಾಲ್ಲೂಕು ಊರಿಗೆ ಬಂದು ಬಾಡಿಗೆಗೊಂದು ಖೋಲಿ ಕೇಳಿದರೆ, ಖಾಲಿ ಇದ್ದ ಖೋಲಿಯೂ ಇಲ್ಲವಾಗುತ್ತದೆ. ಬಸ್ಸಿನಲ್ಲಿ ಕೂತರೆ ಪಕ್ಕದವರು ಎದ್ದು ಬೇರೆ ಸೀಟು ಹುಡುಕುತ್ತಾರೆ. ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರೆ ನಾಲ್ಕು ಟೇಬಲ್ಲಿನವರ ಕಣ್ಣು ಅವರ ಎದೆ, ಗದ್ದ, ಗಂಟಲುಗಳ ಮೇಲೆ ಹರಿದಾಡುತ್ತದೆ. ಮಂಗಳವಾರ ಕೈಮುಗಿದದ್ದು ಆ ಮೈಗೇ, ಬುಧವಾರ ಹೀಯಾಳಿಸಿದ್ದೂ ಆ ಮೈಯನ್ನೇ. ಇವತ್ತಿನ ಮಾತು ಈ ವಿಚಾರದ ಬಗ್ಗೆ: ಲಿಂಗತ್ವ ಅಲ್ಪಸಂಖ್ಯಾತರು ತಮ್ಮ ಮೈಯನ್ನು ತಾವು ಒಪ್ಪಿಕೊಂಡು, ತಲೆಯೆತ್ತಿ ಬದುಕುವ ಬಗ್ಗೆ, ಆ ಬದುಕಿಗೆ ನಾವು ಒಡ್ಡುವ ಶರತ್ತುಗಳ ಬಗ್ಗೆ.

ಈ ವಿಚಾರ ಎಲ್ಲೋ ದೂರದ ಶಹರದಿಂದ ನಮ್ಮ ಕಡೆಗೆ ಬಂದದ್ದೆಂದು ತಿಳಿಯುವವರಿದ್ದಾರೆ. ಅವರು ಮೊದಲು ನಮ್ಮ ನೆಲವನ್ನೇ ನೋಡಬೇಕು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕಲ್ಲಿನ ಗುಡಿ ಕಟ್ಟಿಸುವ ಸಿರಿವಂತರ ಎದುರು ತಮ್ಮ ಶರೀರವನ್ನೇ ಗುಡಿಯೆಂದು ನಿಲ್ಲಿಸಿದವರು. ಗುಡಿಯಾಗಲು ಆ ಶರೀರ ಹೀಗೇ ಇರಬೇಕೆಂದು ಅವರು ಅಳತೆ ಹಾಕಿಕೊಡಲಿಲ್ಲ. ತಾಳಿಕೋಟೆಯಿಂದ ಪೂರ್ವಕ್ಕೆ ಹೋದರೆ ಯಾದಗಿರಿ ಜಿಲ್ಲೆಯ ಮುದನೂರು ಸಿಗುತ್ತದೆ. ಅದು ನೇಕಾರ ವಚನಕಾರ ಜೇಡರ ದಾಸಿಮಯ್ಯನ ಊರು. ಬಸವಣ್ಣನವರಿಗಿಂತ ಮೊದಲೇ ಆತ ಒಂದು ವಚನದಲ್ಲಿ ಈ ಮಾತಿನ ಬೇರಿಗೇ ಕೈಹಾಕಿದ. ಮೈಮೇಲಿನ ಕುರುಹು ನೋಡಿ ಜನ ಒಬ್ಬರನ್ನು ಗಂಡೆಂದೂ ಇನ್ನೊಬ್ಬರನ್ನು ಹೆಣ್ಣೆಂದೂ ಕರೆಯುತ್ತಾರೆ, ಒಳಗೆ ಸುಳಿಯುವ ಆತ್ಮಕ್ಕೆ ಆ ಎರಡರ ಹಂಗೂ ಇಲ್ಲ ಎಂಬುದು ಅದರ ತಿರುಳು. ಮಗ್ಗದ ಮುಂದೆ ಕೂತು ದುಡಿಯುವ ಮನುಷ್ಯನಿಗೆ ಹೊಳೆದ ಸತ್ಯ ಇದು. ನಾವು ಅದನ್ನು ಸಭೆಗಳಲ್ಲಿ ಹಾಡುತ್ತೇವೆ, ಭಾಷಣಗಳಲ್ಲಿ ಹೇಳುತ್ತೇವೆ. ಮನೆಯ ಮಗನೋ ಮಗಳೋ "ನಾನು ನೀವು ತಿಳಿದಂತೆ ಇಲ್ಲ" ಎಂದ ದಿನ ಮಾತ್ರ ಆ ವಚನ ನಮಗೆ ನೆನಪಾಗುವುದಿಲ್ಲ.

ಹಳ್ಳಿಯಲ್ಲಿ ಅಂಥ ಮಗು ಹೇಗೆ ಬೆಳೆಯುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿರುವ ಕಥೆ. ಹುಡುಗ ಹೆಣ್ಣುಮಕ್ಕಳ ಜೊತೆ ಕುಂಟಾಬಿಲ್ಲೆ ಆಡುತ್ತಾನೆ, ಟವೆಲನ್ನು ತಲೆಗೆ ಕಟ್ಟಿಕೊಂಡು ಜಡೆ ಎಂದು ಬೀಸುತ್ತಾನೆ, ಅಕ್ಕನ ಕುಪ್ಪಸ ತೊಟ್ಟು ಕನ್ನಡಿ ಮುಂದೆ ನಿಲ್ಲುತ್ತಾನೆ. ಮೊದಲು ನಗುತ್ತಾರೆ. ಆಮೇಲೆ ಬೈಯುತ್ತಾರೆ, ಆಮೇಲೆ ಬಡಿಯುತ್ತಾರೆ. ದೆವ್ವ ಬಿಡಿಸುವವರ ಹತ್ತಿರ ಕರೆದೊಯ್ಯುತ್ತಾರೆ. ಕೂದಲು ಜಡೆಗಟ್ಟಿದರೆ, ಮೈಯಲ್ಲಿ ಹೋಗದ ಬ್ಯಾನಿ ಕಂಡರೆ, "ಅವ್ವ ಕಾಡಾಕತ್ಯಾಳ" ಎಂಬ ತೀರ್ಮಾನಕ್ಕೆ ಬರುತ್ತಾರೆ. ಸವದತ್ತಿಯ ಗುಡ್ಡಕ್ಕೋ, ಅಥಣಿ ಕಡೆಯ ಕೋಕಟನೂರಿಗೋ, ತುಂಗಭದ್ರೆಯ ದಂಡೆಯ ಹುಲಿಗಿಗೋ ಹೋಗಿ ದೇವಿಯ ಹೆಸರಿನಲ್ಲಿ ಕೊರಳಿಗೆ ಮುತ್ತು ಕಟ್ಟಿಸುತ್ತಾರೆ. ಅಲ್ಲಿಂದ ಮಗ ಜೋಗಪ್ಪನಾಗುತ್ತಾನೆ, ತನ್ನನ್ನು ಹೆಣ್ಣೆಂದು ಬಲ್ಲವಳು ಜೋಗತಿಯಾಗುತ್ತಾಳೆ.

ಈ ಪರಂಪರೆಯಲ್ಲಿ ಒಂದು ದೊಡ್ಡ ಗುಣವಿದೆ, ಅದನ್ನು ಗುರುತಿಸಲೇಬೇಕು. ಅದು ಮೈಯನ್ನು ಕತ್ತರಿಸಿಕೊಂಡು ಬಾ ಎಂದು ಯಾರಿಗೂ ಹೇಳುವುದಿಲ್ಲ. ದೇಶದ ಬೇರೆಡೆಯ ಹಿಜ್ರಾ ಜಮಾತುಗಳಲ್ಲಿ ಅಂಗಛೇದಕ್ಕೆ ನಿರ್ವಾಣ ಎಂಬ ಹೆಸರಿದೆ, ಹಿರಿಯ ಸ್ಥಾನವಿದೆ. ಜೋಗಪ್ಪಂದಿರಲ್ಲಿ ಅದರ ಕಡ್ಡಾಯವಿಲ್ಲ. ಬೆಂಗಳೂರಿನ "ಅನೇಕ" ಎಂಬ ಸಂಸ್ಥೆ 2014ರಲ್ಲಿ ಉತ್ತರ ಕರ್ನಾಟಕದ ಜೋಗಪ್ಪಂದಿರ ಕುರಿತು ಒಂದು ಅಧ್ಯಯನವನ್ನೇ ಪ್ರಕಟಿಸಿತು. ಹುಟ್ಟಿದ ಮೈ ಹಾಗೇ ಇರಲಿ, ಗದ್ದದ ಮೇಲೆ ಗಡ್ಡ ಮೂಡುವುದಿದ್ದರೆ ಮೂಡಲಿ, ಅದರ ಮೇಲೇ ಭಂಡಾರ, ಅದರ ಮೇಲೇ ಕುಂಕುಮ. ಯಲ್ಲಮ್ಮ ಹಿಡಿದ ಮೇಲೆ ಮೈ ಅವಳದು, ಅದಕ್ಕೆ ಕೊರತೆ ಎಲ್ಲಿಂದ ಬಂತು ಎನ್ನುವ ದಿಟ್ಟತನ ಅಲ್ಲಿದೆ.

ಭಾರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿ ಗುಡ್ಡಕ್ಕೆ ಹೋದರೆ ಬಳೆ ಅಂಗಡಿಗಳ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಜೋಗುಳಬಾವಿಯಲ್ಲಿ ಮಿಂದು, ಒದ್ದೆ ಕೂದಲು ಬೆನ್ನ ಮೇಲೆ ಬಿಟ್ಟುಕೊಂಡು ಜೋಗತಿಯರು ಬಳೆ ಇಡಿಸಿಕೊಳ್ಳಲು ಬರುತ್ತಾರೆ. ಹೊಲದಲ್ಲಿ ದುಡಿದ ಅಗಲವಾದ ಕೈ, ದಪ್ಪ ಗೆಣ್ಣು. ಎರಡೂ ಆರು, ಎರಡೂ ಎಂಟರ ಅಳತೆಯ ಬಳೆ ಆ ಕೈಗೆ ಏರುವುದಿಲ್ಲ. ಬಳೆಗಾರ ಬೇಸರ ಪಡುವುದಿಲ್ಲ. "ಕೈ ಸಡ್ಲ ಬಿಡವ್ವಾ" ಎನ್ನುತ್ತಾನೆ. ಹೆಬ್ಬೆರಳಿನ ಬುಡವನ್ನು ಒಳಕ್ಕೆ ಒತ್ತಿ, ಗೆಣ್ಣು ಮೆತ್ತಗಾಗುವವರೆಗೆ ನೀವಿ, ಎರಡೂ ಹತ್ತರ ಗಾಜಿನ ಬಳೆಗಳನ್ನು ಒಂದೊಂದಾಗಿ ಏರಿಸುತ್ತಾನೆ. ಒಂದು ಒಡೆದರೆ ಚೂರು ತೆಗೆದು ಬದಿಗಿಟ್ಟು ಇನ್ನೊಂದು ಏರಿಸುತ್ತಾನೆ. ಕೈ ಬಳೆ ತುಂಬಿದ ಮೇಲೆ ಆಕೆ ಅಂಗಡಿಯವನಿಗೆ ಕೈಮುಗಿಯುತ್ತಾಳೆ, ಅವನು ಬಳೆಗೆ ಕೈಮುಗಿಯುತ್ತಾನೆ. ಆ ಬಳೆಗಾರ ಯಾವ ಕಾನೂನನ್ನೂ ಓದಿದವನಲ್ಲ. ಇದ್ದ ಕೈಗೆ ತಕ್ಕ ಬಳೆ ಹುಡುಕಬೇಕು ಎಂಬಷ್ಟು ಅವನಿಗೆ ತಿಳಿದಿದೆ. ನಮ್ಮ ಶಾಲೆಗೆ, ದವಾಖಾನೆಗೆ, ಕಚೇರಿಗೆ ಅಷ್ಟು ತಿಳಿದರೆ ಎಷ್ಟೋ ಜೀವ ಉಳಿಯುತ್ತದೆ.

ಮೈಯ ಮಾತು ಬಂದಾಗ ದನಿಯ ಮಾತೂ ಬರಬೇಕು. ಬಾನುಲಿ ಕೇಳುವವರಿಗೆ ದನಿಯೇ ಮನುಷ್ಯನ ಪೂರ್ತಿ ಗುರುತು. ಸೀರೆ ಉಡಬಹುದು, ಕೂದಲು ಬೆಳೆಸಬಹುದು, ಗಡ್ಡ ತೆಗೆಸಬಹುದು. ಪ್ರಾಯದಲ್ಲಿ ಒಡೆದು ದಪ್ಪವಾದ ದನಿ ಮಾತ್ರ ಹೆಣ್ಣಿನ ಹಾರ್ಮೋನು ತೆಗೆದುಕೊಂಡರೂ ತೆಳುವಾಗುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ಬಾಯಿ ತೆರೆದ ಕೂಡಲೇ ಜನ ತಿರುಗಿ ನೋಡುತ್ತಾರೆ, ಫೋನಿನಲ್ಲಿ ಮಾತಾಡಿದರೆ "ಹೇಳ್ರಿ ಸರ್" ಎನ್ನುತ್ತಾರೆ. ಎಷ್ಟೋ ಜನ ಹೊರಗೆ ಮಾತಾಡುವುದನ್ನೇ ಬಿಟ್ಟುಬಿಡುತ್ತಾರೆ. ಆದರೆ ಅದೇ ದನಿ ಚೌಡಿಕಿಯ ಜೊತೆ ಏರಿದಾಗ ಕೇಳಿ. ಚೌಡಿಕಿ ಎಂದರೆ ಚರ್ಮ ಬಿಗಿದ ಕಟ್ಟಿಗೆಯ ಕೊಳಗ, ಒಂದೇ ತಂತಿ. ಬಗಲಿಗೆ ಅವುಚಿಕೊಂಡು ಮೀಟುತ್ತಾ ಯಲ್ಲಮ್ಮನೇ ಆದ ರೇಣುಕೆಯ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಪರಶುರಾಮ ತಾಯಿಯ ತಲೆ ಕಡಿಯುವ ಸಂದರ್ಭದಲ್ಲಿ ಕೇಳುವವರ ಕಣ್ಣು ತುಂಬುತ್ತದೆ. ಮೇಳದಲ್ಲಿ ಆ ದಪ್ಪ ದನಿಯನ್ನು ಯಾರೂ ತಿದ್ದಲು ಹೋಗುವುದಿಲ್ಲ, ಅದು ಇಲ್ಲದಿದ್ದರೆ ಹಾಡು ನಿಲ್ಲುವುದಿಲ್ಲ. ಬೆಂಗಳೂರಿನ ಸಮುದಾಯ ಬಾನುಲಿ ರೇಡಿಯೋ ಆಕ್ಟಿವ್‌ನಲ್ಲಿ ಟ್ರಾನ್ಸ್ ಮಹಿಳೆ ಪ್ರಿಯಾಂಕಾ ದಿವಾಕರ್ ಕಾರ್ಯಕ್ರಮ ನಡೆಸಿಕೊಟ್ಟರು. ತನ್ನ ಸಮುದಾಯದ ಕಥೆಯನ್ನು ತನ್ನದೇ ದನಿಯಲ್ಲಿ ಹೇಳುವುದು ಹೆಮ್ಮೆಯ ಮೊದಲ ಹೆಜ್ಜೆ.

ಇಂಡಿ ಕಡೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡುಗಳನ್ನು ಕೂಡಿಸಿ 1931ರಲ್ಲಿ "ಗರತಿಯ ಹಾಡು" ಪ್ರಕಟಿಸಿದರು. ಓದಿದವರು ಕಡೆಗಣಿಸಿದ್ದ ದನಿಗೆ ಆ ಪುಸ್ತಕ ಮರ್ಯಾದೆ ತಂದಿತು. ನಮ್ಮ ನಾಲ್ಕು ತಾಲ್ಲೂಕುಗಳ ಜೋಗತಿಯರ ಹಾಡು, ಅವರ ಬಾಳಿನ ಕಥೆ ಇದೇ ಪ್ರೀತಿಯಿಂದ ದಾಖಲಾಗಬೇಕು. ಕಾಲೇಜುಗಳ ಕನ್ನಡ ವಿಭಾಗದವರು ಇದನ್ನು ಕೇಳುತ್ತಿದ್ದರೆ ಈ ಕೆಲಸ ನಿಮ್ಮದೆಂದು ತಿಳಿಯಿರಿ.

ಪರಂಪರೆಯ ಗುಣ ಹೇಳಿದೆ, ಅದರ ಮಿತಿಯನ್ನೂ ಹೇಳಬೇಕು. ಜೋಗಪ್ಪನಿಗೆ ಸಿಗುವ ಮರ್ಯಾದೆ ದೇವಿಗೆ ಸಲ್ಲುವ ಮರ್ಯಾದೆ. ಪಡ್ಡಲಗಿ ಕೆಳಗಿಟ್ಟ ಕೂಡಲೇ ಅದು ಹೋಗುತ್ತದೆ. ಮುತ್ತು ಕಟ್ಟಿಸಿಕೊಂಡ ಎಳೆಯ ಮಗುವಿಗೆ ಶಾಲೆ ತಪ್ಪುತ್ತದೆ, ಬೇಡುವುದೇ ಬಾಳಾಗುತ್ತದೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು, ಅದು ಆಗಲೇಬೇಕಾಗಿದ್ದ ಕೆಲಸ. ಮಗು ಯಾವುದೇ ಇರಲಿ, ಅದರ ಕೈಗೆ ಮೊದಲು ಪಾಟಿಚೀಲ ಬರಬೇಕು. ದೊಡ್ಡವರಾದ ಮೇಲೆ ಯಾರು ಯಲ್ಲಮ್ಮನ ಪಡ್ಡಲಗಿ ಹೊರುತ್ತಾರೋ, ಯಾರು ನೌಕರಿಗೆ ಹೋಗುತ್ತಾರೋ ಅದು ಅವರವರ ಮನಸ್ಸು. ದೇವರು ಮೈಮೇಲೆ ಬಂದರೆ ಮಾತ್ರ ನಿನ್ನನ್ನು ಒಪ್ಪುತ್ತೇವೆ ಎಂಬುದು ನಾವು ಹಾಕುವ ಮೊದಲ ಶರತ್ತು. ದೇವರಿಲ್ಲದ ದಿನವೂ ಆ ಮೈ ಮನುಷ್ಯರದೇ.

ಎರಡನೆಯ ಶರತ್ತು ದವಾಖಾನೆಯದು. "ಆಪರೇಷನ್ ಆಗೇತೇನು?" ಎಂದು ಗುರುತು ಪರಿಚಯ ಇಲ್ಲದವರೂ ಕೇಳಿಬಿಡುತ್ತಾರೆ. ಇನ್ನೊಬ್ಬರ ಬಟ್ಟೆಯೊಳಗೆ ಏನಿದೆ ಎಂದು ಬೇರೆ ಯಾರನ್ನಾದರೂ ಹೀಗೆ ಕೇಳುತ್ತೇವೆಯೇ? ಸಮುದಾಯದ ಒಳಗೂ ಕೆಲವೊಮ್ಮೆ ಆಪರೇಷನ್ ಆದವಳು ಮೇಲು, ಆಗದವಳು ಕೀಳು ಎಂಬ ಲೆಕ್ಕ ನಡೆಯುತ್ತದೆ. ಈ ಲೆಕ್ಕವನ್ನು 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಒಡೆದುಹಾಕಿತು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ತಂದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ತೀರ್ಪು ಕೊಟ್ಟರು. ತಾನು ಗಂಡೋ ಹೆಣ್ಣೋ ತೃತೀಯ ಲಿಂಗಿಯೋ ಎಂದು ಹೇಳುವ ಹಕ್ಕು ಆ ವ್ಯಕ್ತಿಯದು, ಅದಕ್ಕೆ ಶಸ್ತ್ರಚಿಕಿತ್ಸೆ ಆಗಿರಲೇಬೇಕೆಂದು ಒತ್ತಾಯಿಸುವುದು ಕಾನೂನುಬಾಹಿರ ಎಂದರು. ಘನತೆಯಿಂದ ಬದುಕುವ ಹಕ್ಕು ಕೊಡುವ ಸಂವಿಧಾನದ 21ನೆಯ ವಿಧಿಯ ಮೇಲೆ ಆ ತೀರ್ಪು ನಿಂತಿದೆ. ಮುದನೂರಿನ ನೇಕಾರ ಕಂಡದ್ದನ್ನು ದೇಶದ ಅತಿ ದೊಡ್ಡ ನ್ಯಾಯಾಲಯ ತನ್ನ ದಾರಿಯಲ್ಲಿ ನಡೆದು ಕಂಡಿತು.

ಹಾಗೆಂದು ಮೈ ಬದಲಿಸಿಕೊಳ್ಳುವವರನ್ನು ದೂರುವುದೂ ತಪ್ಪು. ಕೆಲವರಿಗೆ ಹುಟ್ಟಿದ ಮೈಯಲ್ಲಿ ಬದುಕುವುದೇ ಸಂಕಟ, ಅವರಿಗೆ ಚಿಕಿತ್ಸೆಯಿಂದ ನೆಮ್ಮದಿ ಸಿಗುತ್ತದೆ. ಆ ಚಿಕಿತ್ಸೆ ಏನು ಮಾಡುತ್ತದೆ ಎಂದು ಸರಳವಾಗಿ ಹೇಳುತ್ತೇನೆ. ಹೆಣ್ಣಾಗಿ ಬಾಳುವವರು ಈಸ್ಟ್ರೋಜೆನ್ ತೆಗೆದುಕೊಂಡರೆ ಚರ್ಮ ಮೆತ್ತಗಾಗುತ್ತದೆ, ಎದೆ ನಿಧಾನವಾಗಿ ಬೆಳೆಯುತ್ತದೆ, ಮೈಮೇಲಿನ ಕೂದಲು ಕಡಿಮೆಯಾಗುತ್ತದೆ. ಗಡ್ಡ ಹೋಗುವುದಿಲ್ಲ, ಎತ್ತರ ಇಳಿಯುವುದಿಲ್ಲ. ಗಂಡಾಗಿ ಬಾಳುವವರು ಟೆಸ್ಟೋಸ್ಟಿರಾನ್ ತೆಗೆದುಕೊಂಡರೆ ದನಿ ದಪ್ಪವಾಗುತ್ತದೆ, ಮತ್ತೆ ಹಿಂದಕ್ಕೆ ಹೋಗುವುದಿಲ್ಲ, ಗಡ್ಡ ಮೂಡುತ್ತದೆ, ಮುಟ್ಟು ನಿಲ್ಲುತ್ತದೆ. ಇವೆಲ್ಲ ತಿಂಗಳುಗಳಲ್ಲಿ, ವರ್ಷಗಳಲ್ಲಿ ಆಗುವ ಬದಲಾವಣೆ. ಬೇಗ ಆಗಲಿ ಎಂದು ಔಷಧ ಅಂಗಡಿಯಿಂದ ಗರ್ಭನಿರೋಧಕ ಗುಳಿಗೆ ತಂದು ಕೈಗೆ ಬಂದಷ್ಟು ನುಂಗುವವರಿದ್ದಾರೆ. ಅದರಿಂದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಪ್ರಾಣಕ್ಕೇ ಕುತ್ತು ಬರಬಹುದು. ವೈದ್ಯರನ್ನು ಕಂಡು, ರಕ್ತ ಪರೀಕ್ಷೆ ಮಾಡಿಸಿಕೊಂಡು, ಅವರು ಹೇಳಿದ ಪ್ರಮಾಣದಲ್ಲೇ ತೆಗೆದುಕೊಳ್ಳಬೇಕು. ತನ್ನ ಮೈಯ ಮೇಲಿನ ಹೆಮ್ಮೆ ಎಂದರೆ ಆ ಮೈಯನ್ನು ಜೋಪಾನ ಮಾಡುವುದೂ ಹೌದು.

ಹೆಣ್ಣುಮಗುವೆಂದು ಹೆಸರಿಟ್ಟ, ಆದರೆ ಗಂಡಾಗಿ ಬಾಳುವ ಟ್ರಾನ್ಸ್ ಪುರುಷರ ಕಷ್ಟ ಊರಿಗೆ ಕಾಣುವುದೇ ಇಲ್ಲ. ಅವರಿಗೆ ಜೋಗತಿಯರಂಥ ಮೇಳವಿಲ್ಲ, ಹೊರಗೆ ಹೊರಡಲು ಬಸ್ ಚಾರ್ಜೂ ಕೈಯಲ್ಲಿರುವುದಿಲ್ಲ, ಹದಿನೆಂಟು ತುಂಬುವ ಮೊದಲೇ ಮನೆಯಲ್ಲಿ ಲಗ್ನದ ಮಾತು ಎತ್ತುತ್ತಾರೆ. ಎದೆ ಕಾಣದಿರಲೆಂದು ಬಟ್ಟೆಯ ಪಟ್ಟಿಯನ್ನು ಉಸಿರುಕಟ್ಟುವಷ್ಟು ಬಿಗಿದುಕೊಂಡು ಮೇ ತಿಂಗಳ ಬಿಸಿಲಲ್ಲಿ ಓಡಾಡುತ್ತಾರೆ. ಹಾಗೆ ಬಿಗಿದರೆ ಪಕ್ಕೆಲುಬಿಗೆ ಪೆಟ್ಟಾಗುತ್ತದೆ, ಚರ್ಮ ಒಡೆಯುತ್ತದೆ. ಮಲಗುವಾಗ ಬಿಚ್ಚಲೇಬೇಕು, ಹಗಲೂ ನಡುನಡುವೆ ಸಡಿಲಿಸಬೇಕು. ಅಂಥ ಮಗನಿರುವ ಮನೆಯವರಿಗೆ ನನ್ನ ಬೇಡಿಕೆ ಇಷ್ಟು: ಅವನು ಕೂದಲು ಕತ್ತರಿಸಿಕೊಂಡರೆ ಮನೆತನದ ಮಾನ ಹೋಗುವುದಿಲ್ಲ, ಬಲವಂತದ ಲಗ್ನದಿಂದ ಎರಡು ಬಾಳು ಹಾಳಾಗುತ್ತವೆ.

ಮಗು ಹೀಗಿರುವುದು ರೋಗವೇ ಎಂದು ತಾಯಿತಂದೆ ಕೇಳುತ್ತಾರೆ. ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಇದನ್ನು ಮಾನಸಿಕ ರೋಗಗಳ ಅಧ್ಯಾಯದಿಂದ ಹೊರಗೆ ತೆಗೆದಿದೆ. ಹೊಡೆದು, ಹರಕೆ ಹೊತ್ತು, ಔಷಧಿ ಕೊಟ್ಟು ಮಗುವನ್ನು "ಸರಿ" ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂಥ "ಪರಿವರ್ತನಾ ಚಿಕಿತ್ಸೆ" ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ವೈದ್ಯರಿಗೆ ಹೇಳಿದೆ.

ಮೂರನೆಯ ಶರತ್ತು ಪ್ರಶಸ್ತಿಯದು. ಇಲ್ಲಿ ಮಂಜಮ್ಮ ಜೋಗತಿಯವರ ಹೆಸರು ಹೇಳಲೇಬೇಕು. ಬಳ್ಳಾರಿ ಜಿಲ್ಲೆಯಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿ, ಹತ್ತನೆಯ ತರಗತಿವರೆಗೆ ಓದಿ, ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡವರು. ಮನೆಯ ಬಾಗಿಲು ಮುಚ್ಚಿತು. ಬದುಕೇ ಸಾಕೆನಿಸಿ ವಿಷ ಕುಡಿದದ್ದನ್ನೂ ಅವರು ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಬದುಕಿ ಉಳಿದರು, ಇಡ್ಲಿ ಮಾರಿದರು, ಕಾಳವ್ವ ಜೋಗತಿಯವರ ಕೈಕೆಳಗೆ ಜೋಗತಿ ನೃತ್ಯ ಕಲಿತರು. ತಲೆಯ ಮೇಲೆ ಹಿತ್ತಾಳೆ ಕೊಡ, ಕೈ ತಾಗಿಸುವಂತಿಲ್ಲ. ಸೊಂಟ ತಿರುಗಬೇಕು, ಕುತ್ತಿಗೆ ಅಲುಗಬಾರದು. ಊರು ಯಾವ ಮೈಯನ್ನು ನೋಡಿ ನಗುತ್ತಿತ್ತೋ ಆ ಮೈಯನ್ನು ಅವರು ವರ್ಷಗಟ್ಟಲೆ ಪಳಗಿಸಿ ಕಲೆಯಾಗಿಸಿದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿದ ಅವರ ಆತ್ಮಕಥೆಗೆ "ನಡುವೆ ಸುಳಿವ ಹೆಣ್ಣು" ಎಂದು ಹೆಸರು. ನಾನು ಆಗ ಹೇಳಿದ ಮುದನೂರಿನ ದಾಸಿಮಯ್ಯನ ವಚನದ ನೆರಳು ಆ ಹೆಸರಿನ ಮೇಲಿದೆ.

2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದದ್ದನ್ನು ಟಿವಿಯಲ್ಲಿ ನೀವೂ ನೋಡಿರಬೇಕು. ಪ್ರಶಸ್ತಿ ತೆಗೆದುಕೊಳ್ಳಲು ಹೋದ ಮಂಜಮ್ಮನವರು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರ ಮುಂದೆ ನಿಂತು, ತಮ್ಮ ಸೆರಗು ಹಿಡಿದು ಅವರಿಗೆ ದೃಷ್ಟಿ ತೆಗೆದರು. ನಮ್ಮ ಹಳ್ಳಿಯಲ್ಲಿ ಮಗುವಿಗೆ ಜೋಗತಿ ಹೇಗೆ ದೃಷ್ಟಿ ತೆಗೆಯುತ್ತಾಳೋ ಹಾಗೆ. ಮೈ ಕುಗ್ಗಲಿಲ್ಲ, ಕೈ ನಡುಗಲಿಲ್ಲ. ದೇಶದ ಪ್ರಥಮ ಪ್ರಜೆ ಕೈಮುಗಿದು ಆ ಹರಕೆಯನ್ನು ತೆಗೆದುಕೊಂಡರು. ಬೇಡುವ ಕೈ ಎಂದು ನಾವು ತಿಳಿದಿದ್ದ ಕೈ ಅಂದು ಆ ಸಭೆಯಲ್ಲಿ ಕೊಡುವ ಕೈಯಾಗಿತ್ತು.

ಆದರೆ ಎಲ್ಲರೂ ಮಂಜಮ್ಮ ಆಗಬೇಕೆಂದು ಕೇಳುವುದು ನ್ಯಾಯವಲ್ಲ. ಪದ್ಮಶ್ರೀ ತಂದ ಮೇಲೆ ಮನೆಯಲ್ಲಿ ಜಾಗ ಕೊಡುತ್ತೇವೆ ಎಂದರೆ ಅದೂ ಶರತ್ತೇ. ಸಿಂದಗಿಯ ಹೊಲದಲ್ಲಿ ಹತ್ತಿ ಬಿಡಿಸುವ, ಇಂಡಿಯಲ್ಲಿ ಲಿಂಬೆ ಹಣ್ಣು ಹೊರುವ, ಎಲ್ಲಿಯೂ ಹೆಸರು ಮಾಡದ ಒಬ್ಬ ಟ್ರಾನ್ಸ್ ಮಹಿಳೆಗೂ ಅಷ್ಟೇ ಮರ್ಯಾದೆ ಸಲ್ಲಬೇಕು. ದೇವಿ ಬಂದಿದ್ದಾಳೆ ಎಂದಲ್ಲ, ಆಪರೇಷನ್ ಆಗಿದೆ ಎಂದಲ್ಲ, ಪ್ರಶಸ್ತಿ ಬಂದಿದೆ ಎಂದಲ್ಲ. ಆಕೆ ಇದ್ದಾಳೆ, ಅದೊಂದೇ ಸಾಕು.

2011ರ ಜನಗಣತಿಯಲ್ಲಿ ಮೊದಲ ಸಲ ಗಂಡು, ಹೆಣ್ಣು ಅಲ್ಲದೆ "ಇತರೆ" ಎಂಬ ಕಾಲಂ ಬಂತು. ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266 ಜನ ಅಲ್ಲಿ ಎಣಿಕೆಗೆ ಸಿಕ್ಕರು. ಮನೆಯವರು ಹೇಳಿದ್ದನ್ನೇ ಬರೆದುಕೊಳ್ಳುವ ಗಣತಿಯಲ್ಲಿ ಮನೆ ಬಿಟ್ಟವರು, ಮನೆಯೊಳಗೆ ಬಚ್ಚಿಟ್ಟುಕೊಂಡವರು ಎಷ್ಟು ಬಂದಾರು? 2008ರಿಂದ ಬೆಂಗಳೂರಿನ ಬೀದಿಗಳಲ್ಲಿ ಹೆಮ್ಮೆಯ ನಡಿಗೆ ನಡೆಯುತ್ತಿದೆ. ಬಣ್ಣದ ಬಾವುಟ ಹಿಡಿದು ಸಾವಿರಾರು ಜನ ನಡೆಯುವ ಧೈರ್ಯ ದೊಡ್ಡದು. ಮುದ್ದೇಬಿಹಾಳದ ಬಜಾರಿನಲ್ಲಿ ಬಾವುಟವಿಲ್ಲದೆ, ಜೊತೆಗಾರರಿಲ್ಲದೆ, ತನ್ನ ಇಷ್ಟದ ಸೀರೆ ಉಟ್ಟು ಒಬ್ಬಳೇ ಕಾಯಿಪಲ್ಲೆ ಕೊಳ್ಳಲು ಹೋಗುವವಳ ಧೈರ್ಯ ಅದಕ್ಕಿಂತ ಕಡಿಮೆಯದಲ್ಲ.

ಸರ್ಕಾರದ ಕಡೆಯಿಂದ ಬಂದಿರುವ ಅನುಕೂಲಗಳು ನಮ್ಮ ಹಳ್ಳಿಗಳಿಗೆ ತಲುಪಿಲ್ಲ, ಅದಕ್ಕೇ ಹೇಳುತ್ತೇನೆ. 2017ರಲ್ಲಿ ಕರ್ನಾಟಕ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ರಾಜ್ಯ ನೀತಿಯನ್ನು ಒಪ್ಪಿತು. ಮೈತ್ರಿ ಹೆಸರಿನ ಮಾಸಾಶನವಿದೆ. 2019ರಲ್ಲಿ ಸಂಸತ್ತು ಮಾಡಿದ ಕಾಯ್ದೆ, ಲಿಂಗತ್ವ ಅಲ್ಪಸಂಖ್ಯಾತರನ್ನು ಮನೆಯಿಂದಲೋ ಊರಿನಿಂದಲೋ ಹೊರಹೋಗುವಂತೆ ಮಾಡುವುದನ್ನು ಶಿಕ್ಷೆಗೆ ಗುರಿಯಾಗುವ ಅಪರಾಧವೆಂದು ಹೇಳಿತು. 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಶೇಕಡಾ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು. ಮರುವರ್ಷವೇ ಪದವೀಧರ ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿಯಲ್ಲಿ ಈ ಸಮುದಾಯದ ಮೂವರು ಆಯ್ಕೆಯಾದರು. ಬೀದಿಯಲ್ಲಿ ಮಕ್ಕಳಿಂದ ಕೂಗಿಸಿಕೊಂಡವರು ಅದೇ ಮಕ್ಕಳಿಗೆ ಪಾಠ ಹೇಳುವ ಕಾಲ ಶುರುವಾಗಿದೆ. ಗುರುತಿನ ಪತ್ರಕ್ಕೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಯಾವುದೇ ಕಚೇರಿಯಲ್ಲಿ ಅವಮಾನವಾದರೆ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ, ಅಲ್ಲಿ ವಕೀಲರ ನೆರವು ಪುಕ್ಕಟೆ ಸಿಗುತ್ತದೆ.

ಕಾಗದದ ಹಕ್ಕು ಕೈಗೆ ಬರಬೇಕಾದರೆ ನಾವು ನೀವು ಮಾಡಬೇಕಾದ ಕೆಲಸಗಳಿವೆ, ಯಾವುದೂ ಕಷ್ಟದ್ದಲ್ಲ. ಶಿಕ್ಷಕರೇ, ನಡಿಗೆ ನೋಡಿ, ದನಿ ಕೇಳಿ ಒಬ್ಬ ಹುಡುಗನಿಗೆ ಅಡ್ಡಹೆಸರಿಟ್ಟರೆ ಅದನ್ನು ಅಲ್ಲೇ ನಿಲ್ಲಿಸಿ. ಮಗು ಶಾಲೆ ಬಿಡುವುದು ಅಂಥ ಒಂದು ಅಡ್ಡಹೆಸರಿನಿಂದ. ದವಾಖಾನೆಯವರೇ, ಚೀಟಿ ಮಾಡಿಸಲು ಬಂದವರನ್ನು ಗಂಡಸರ ಸಾಲೋ ಹೆಂಗಸರ ಸಾಲೋ ಎಂದು ಎಲ್ಲರೆದುರು ವಾದಕ್ಕೆಳೆಯಬೇಡಿ. ಯಾವ ಸಾಲಿನಲ್ಲಿ ನಿಲ್ಲುತ್ತೀರಿ ಎಂದು ಮೆಲ್ಲಗೆ ಅವರನ್ನೇ ಕೇಳಿ. ಹೊಟ್ಟೆನೋವೆಂದು ಬಂದವರಿಗೆ ಹೊಟ್ಟೆಯ ಔಷಧ ಕೊಡಿ. ಅಂಗಡಿಯವರೇ, ಸೀರೆ ಉಟ್ಟು ಬಂದವರನ್ನು ಅಕ್ಕಾ ಎನ್ನಿ, ಅವ್ವಾ ಎನ್ನಿ. ಪ್ಯಾಂಟು ಅಂಗಿ ತೊಟ್ಟು ಬಂದ ತಮ್ಮನನ್ನು ತಮ್ಮಾ ಎನ್ನಿ. ಮನೆ ಬಾಡಿಗೆ ಕೊಡುವವರೇ, ಬಾಡಿಗೆ ಸರಿಯಾಗಿ ಬರುತ್ತದೆಯೇ ಎಂದಷ್ಟೇ ನೋಡಿ.

ತಾಯಂದಿರಿಗೆ ಒಂದು ಮಾತು. ಮಗುವನ್ನು ಹೊತ್ತವರು ನೀವು, ಆ ಮೈಯ ಒಂದೊಂದು ಮಚ್ಚೆಯನ್ನೂ ಬಲ್ಲವರು ನೀವು. ಊರು ಬೆನ್ನು ತಿರುಗಿಸಿದರೂ ಮನೆಯಲ್ಲಿ ಒಬ್ಬರು "ಉಣ್ಣು ಬಾ" ಎಂದರೆ ಆ ಮಗು ಬದುಕುತ್ತದೆ. ತಂದೆಯವರೇ, ಗಂಡಸ್ತನವನ್ನು ಮಗನ ಬೆನ್ನ ಮೇಲೆ ಬಾರುಕೋಲಿನಿಂದ ಬರೆಯಲು ಹೋಗಬೇಡಿ.

ಕೊನೆಯದಾಗಿ, ಮನೆಯವರಿಗೆ ತಿಳಿಯದಂತೆ ಮೊಬೈಲಿನಲ್ಲಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಈ ಮಾತು ಕೇಳುತ್ತಿರುವ ಹುಡುಗ ಅಥವಾ ಹುಡುಗಿ, ಅಥವಾ ಈ ಎರಡೂ ಅಲ್ಲದ ನೀನು, ನಿನಗಾಗಿ. ನಿನ್ನ ಮೈಯಲ್ಲಿ ದೋಷವಿಲ್ಲ. ನಿನ್ನ ಗದ್ದ, ನಿನ್ನ ಗಂಟಲು, ನಿನ್ನ ಅಗಲ ಭುಜ, ನಿನ್ನ ಎದೆ, ಇವು ಯಾವುದೂ ಯಾರಿಗೂ ಮಾಡಿದ ಅಪರಾಧವಲ್ಲ. ಬದಲಿಸಿಕೊಳ್ಳಬೇಕೆನಿಸಿದರೆ ದೊಡ್ಡವನಾದ ಮೇಲೆ, ದೊಡ್ಡವಳಾದ ಮೇಲೆ ವೈದ್ಯರನ್ನು ಕೇಳಿ ತೀರ್ಮಾನಿಸು. ಬೇಡವೆನಿಸಿದರೆ ಹಾಗೇ ಇರು, ಎರಡೂ ನಿನ್ನ ಹಕ್ಕು. ಓದು ಬಿಡಬೇಡ. ಮನಸ್ಸು ತೀರ ಕುಸಿದ ದಿನ 14416ಕ್ಕೆ ಫೋನು ಮಾಡು. ಅದು ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡು ಬೀಳುವುದಿಲ್ಲ. ನಿನ್ನಂಥವರು ಈ ನೆಲದಲ್ಲಿ ಮೊದಲೂ ಇದ್ದರು, ಹಾಡಿದರು, ಕುಣಿದರು, ದುಡಿದರು, ಈಗ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾರೆ. ಅವರ ಸಾಲಿನಲ್ಲಿ ನಿನ್ನ ಜಾಗ ನಿನಗಿದೆ, ಅದನ್ನು ಯಾರ ಅಪ್ಪಣೆಯನ್ನೂ ಕೇಳದೆ ತೆಗೆದುಕೋ.

ಕೇಳುಗರೇ, ಮುಂದಿನ ಮಂಗಳವಾರ ಜೋಗತಿ ಬಾಗಿಲಿಗೆ ಬಂದರೆ ಜೋಳ ಕೊಡಿ, ಬೇಡವೆನ್ನುವುದಿಲ್ಲ. ಜೊತೆಗೆ ಆಕೆಯ ಹೆಸರು ಕೇಳಿ, ಊರು ಕೇಳಿ, ಕೂರಲು ಕುರ್ಚಿ ಕೊಡಿ. ಬುಧವಾರ ಬಜಾರಿನಲ್ಲಿ ಸಿಕ್ಕರೆ ಅದೇ ಹೆಸರಿನಿಂದ ಕರೆದು ಮಾತಾಡಿಸಿ. ಇದನ್ನು ಮಾಡಲು ಯಾವ ಕಾಯ್ದೆಯೂ ಬೇಕಿಲ್ಲ, ಇಂದಿನಿಂದಲೇ ಮಾಡಬಹುದು.